ಕೊಕ್ಕೆ ಹಾಕಿದ ಜಾಗ

ತಂಜುಂಗ್ ಉಂಚಾಂಗ್, ಬಾತಾಮ್
೧೯ ಅಕ್ಟೋಬರ್, ಭಾನುವಾರ

ಪ್ರೀತಿಯ ಮುರ್ತಿನಿ,

ಹಾಂಗ್‌ಕಾಂಗಿನಲ್ಲಿ ನಿನ್ನ ಮೈ ಹುಷಾರಾಗಿದೆ ಎಂದುಕೊಂಡಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುವ ಗಂಡ ಕಾಗದ ಬರೆದಿದ್ದಾನೆಂದರೆ ನಿನಗೆ ಗಾಬರಿಯಾದೀತು. ಗಿಯಾಂತೋ ತೀರಿಹೋದಮೇಲೆ ನೀನು ಮೂರು ಸಲ ಕೇಳಿದೆ: "ನನ್ನ ತಮ್ಮ ಅಷ್ಟು ಜೋಪಾನದ ಹುಡುಗ. ಕೊಕ್ಕೇನ ತಪ್ಪು ಜಾಗಕ್ಕೆ ಯಾಕೆ ಹಾಕ್ದ?" ಮೂರು ಸಲವೂ ಸಿಗ್ನಲ್ ಇಲ್ಲ ಎಂದು ಫೋನಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ನಿನ್ನ ಅಳು ಕೇಳುತ್ತ ಉತ್ತರ ಹೇಳುವ ಎದೆ ನನಗಿಲ್ಲ. ತಡಮಾಡಿದ್ದಕ್ಕೆ ಬೈದುಬಿಡು.

ಊರಿನ ಸುದ್ದಿ ಮೊದಲು. ನಲವತ್ತನೇ ದಿನದ ಪ್ರಾರ್ಥನೆಗೆ ಪೊನೊರೊಗೋಗೆ ಹೋಗಿ ಬಂದೆ. ಓಣಿಯವರೆಲ್ಲ ಬಂದಿದ್ದರು. ಅನ್ನ, ಕೋಳಿ, ಕರಿದ ಸೋಯಾ ತೆಂಪೆ ತುಂಬಿದ ಡಬ್ಬಿಗಳನ್ನು ನಿಮ್ಮಮ್ಮ ನಿಂತುಕೊಂಡೇ ಕಟ್ಟಿಸಿದರು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಲ್ಲರೂ ಹೋದಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಎರಡೂ ಕೈ ಹಿಡಿದುಕೊಂಡರು. "ನನ್ ಮಗ ನೀವು ಹೇಳಿದ್ ಮಾತು ಕೇಳ್ಲಿಲ್ಲ. ನಿಮ್ಮ ಹೆಸರಿಗೂ ಮಸಿ ಬಳ್ದು ಹೋದ. ಕ್ಷಮಿಸ್ಬಿಡಿ ಅಳಿಯಂದ್ರೇ" ಅಂದರು. ನಾನು ತಲೆ ತಗ್ಗಿಸಿಕೊಂಡು ಚಹಾ ಕುಡಿದು ಎದ್ದು ಬಂದೆ.

ಅವತ್ತು ನಡೆದದ್ದನ್ನು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಇಪ್ಪತ್ತೆರಡು ವರ್ಷ ಹಡಗುಗಳಿಗೆ ಸಾರುವೆ ಕಟ್ಟಿದವನು ನಾನು. ನಿಂತ ಹಲಗೆಯನ್ನು ನಂಬಬೇಡ, ಬೆಲ್ಟಿನ ಹಗ್ಗದ ಕೊಕ್ಕೆಯನ್ನು ಹಡಗಿಗೇ ಹಾಕು ಎನ್ನುವುದು ನಮ್ಮ ಕಸುಬಿನ ನೇಮ. ನಮ್ಮ ಮದುವೆಯ ವರ್ಷ ಹಲಗೆ ಮುರಿದಾಗ ನಾನು ಉಳಿದದ್ದು ಅದರಿಂದಲೇ. ತಿಂಗಳುಗಟ್ಟಲೆ ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದವಳು ನೀನು, ಮರೆತಿರಲಾರೆ.

ಈ ವರ್ಷ ಕಂಪನಿಯವರು ಸಾರುವೆ ಬಿಡಿಸಿ ಬೂಮ್ ಲಿಫ್ಟ್ ತಂದರು. ಉದ್ದ ತೋಳಿನ ಯಂತ್ರ; ತೋಳಿನ ತುದಿಯಲ್ಲಿ ಕಟಕಟೆ ಇರುವ ಬುಟ್ಟಿ. ಅದರಲ್ಲಿ ಇಬ್ಬರು ನಿಂತು ಬಣ್ಣ ಬಳಿಯಬೇಕು. ಕಲಿಸಲು ಬಂದ ನೊವಿತಾ ಎಂಬ ಹುಡುಗಿ, ಕೊಕ್ಕೆಯನ್ನು ಬುಟ್ಟಿಯೊಳಗಿನ ಕಬ್ಬಿಣದ ಬಳೆಗೇ ಹಾಕಬೇಕು ಅಂದಳು. ನಾನು ಹಿಂದಿನ ಸಾಲಿನಿಂದ, "ಎಷ್ಟು ಹಲಗೆ ಮುರಿದಿದ್ದು ನೋಡಿದೀರಿ ಮೇಡಂ?" ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಸಿಟ್ಟಾಗಲಿಲ್ಲ. "ಹಲಗೆ ನಿಂತಲ್ಲೇ ಇರುತ್ತೆ ಅಣ್ಣ, ಬುಟ್ಟಿ ಓಡಾಡುತ್ತೆ. ಹಡಗಿಗೆ ಕೊಕ್ಕೆ ಹಾಕಿದ್ರೆ ಬುಟ್ಟಿ ಮುಂದೆ ಹೋಗುತ್ತೆ, ನೀವು ಹಿಂದೆ ಉಳೀತೀರಿ" ಅಂದಳು.

ಹಾಗೆಯೇ ಆಯಿತು. ಬೆಳಿಗ್ಗೆ ಹತ್ತು ಗಂಟೆ. ಗಿಯಾಂತೋನ ಕೊಕ್ಕೆ ಹಡಗಿನ ಕಂಬಿಗಿತ್ತು. ಜೊತೆಗಾರ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಹಗ್ಗ ಬಿಗಿದು ಅವನನ್ನು ಕಟಕಟೆಯ ಮೇಲಿಂದ ಆಚೆಗೆ ಎಳೆದುಹಾಕಿತು. ಕತ್ತರಿಸಿದ ತಗಡಿನ ಅಂಚಿಗೆ ಉಜ್ಜಿ ಹಗ್ಗ ಹರಿದೂ ಹೋಯಿತು, ಅವನು ಕೆಳಗೆ ಬಿದ್ದ. ಬುಟ್ಟಿಗೇ ಕೊಕ್ಕೆ ಹಾಕಿಕೊಂಡಿದ್ದ ಜೊತೆಗಾರನಿಗೆ ಒಂದು ಗೀರೂ ಆಗಲಿಲ್ಲ. ಆಫೀಸಿನವರು 'ಸ್ವಂತ ಅಜಾಗರೂಕತೆ' ಎಂದು ಬರೆದರು. ಮೇಸ್ತ್ರಿಯಾದ ನಾನು ಕೆಳಗೆ ಸಹಿ ಹಾಕಿದೆ.

ಅಲ್ಲಿ ಚಳಿ ಶುರುವಾಗಿರಬೇಕು, ಕೆಲಸದ ಮನೆಯ ಯಜಮಾನಿ ಕೊಟ್ಟ ಸ್ವೆಟರ್ ಹಾಕಿಕೋ. ಹೊತ್ತಿಗೆ ಸರಿಯಾಗಿ ಊಟಮಾಡು. ಮುಂದಿನ ತಿಂಗಳು ಹದಿನಾಲ್ಕಕ್ಕೆ ನೀನು ಬರುತ್ತೀಯೆಂದು ನಿನ್ನ ಹೊದಿಕೆ ಒಗೆದು ಒಣಗಿಸಿಟ್ಟಿದ್ದೇನೆ. ಅಲ್ಲಾಹು ನಿನ್ನನ್ನು ಸುಖವಾಗಿ ಮನೆ ಮುಟ್ಟಿಸಲಿ.

ನಿನ್ನ
ಪರ್ದಿ

ಮರೆತ ಮಾತು: ಮರೆತದ್ದು ಎನ್ನುವುದೂ ಸುಳ್ಳೇ. ಇಷ್ಟುದ್ದ ಬರೆದರೂ ನಿನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಗಿಯಾಂತೋ ಹನ್ನೊಂದು ದಿನ ನೊವಿತಾ ಕಲಿಸಿದಂತೆ ಬುಟ್ಟಿಗೇ ಕೊಕ್ಕೆ ಹಾಕುತ್ತಿದ್ದ. ಹನ್ನೆರಡನೇ ದಿನ, ಅವನು ಬಿದ್ದ ದಿನವೇ, ಬೆಳಿಗ್ಗೆ ಅದು ನನ್ನ ಕಣ್ಣಿಗೆ ಬಿತ್ತು. "ಯಂತ್ರಾನ ನಂಬ್ತೀಯೇನೋ? ನಿಮ್ಮಕ್ಕಂಗೆ ಮಾತು ಕೊಟ್ಟಿದೀನಿ ನಾನು. ಮೇಲೆ ಹೋದ್ಮೇಲೆ ಕೊಕ್ಕೆ ಹಡಗಿಗೆ ಹಾಕು" ಎಂದು ಗದರಿದೆ. ಅವನು ಒಮ್ಮೆ ಆ ಬಳೆಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಆಯ್ತು ಭಾವ" ಅಂದ. ಇಂಜಿನ್ನಿನ ಸದ್ದಿಗೆ ಬೇರೆ ಯಾರಿಗೂ ಕೇಳಿಸಲಿಲ್ಲ.

ನಿನ್ನೆ ಆಫೀಸಿಗೆ ಹೋಗಿ ಇದನ್ನೆಲ್ಲ ಹೇಳಿ, ನನ್ನ ಸಹಿ ಹೊಡೆದುಹಾಕಿ ಎಂದೆ. ನಾಳೆ ಊರಿಗೆ ಹೊರಟಿದ್ದೇನೆ, ನಿಮ್ಮಮ್ಮನಿಗೂ ನಾನೇ ಹೇಳಬೇಕು. ಭಾವ ಹೇಳಿದ ಮಾತು ಕೇಳದೆ ಸತ್ತ ಎಂದು ಊರೆಲ್ಲ ಅನ್ನುತ್ತಿದೆ. ಕೇಳಿಯೇ ಸತ್ತ, ಮುರ್ತಿನಿ. ಹದಿನಾಲ್ಕಕ್ಕೆ ನಿನ್ನನ್ನು ಕರೆತರಲು ಯಾರು ಬರಬೇಕು ಎಂದು ನೀನೇ ತಿಳಿಸು.