ಹಲ್ಲಿಲ್ಲದವನಿಗೆ ಮೆತ್ತನೆ ಮಟನ್

ಮತ್ತಿಕೆರೆ, ಬೆಂಗಳೂರು
೯-೨-೨೦೨೫, ಭಾನುವಾರ

ಪ್ರೀತಿಯ ಮೊಯಿನುದ್ದೀನ,

ನಿನ್ನ ಬೈರಣ್ಣನ ಸಲಾಂ. ನಾನು ಚೆನ್ನಾಗಿದ್ದೀನಿ. ಬಿ.ಪಿ. ಮಾತ್ರೆ ಒಂದಿದ್ದದ್ದು ಒಂದೂವರೆ ಆಗಿದೆ, ಅಷ್ಟು ಬಿಟ್ಟರೆ ಹೊಸ ಸಮಾಚಾರ ಇಲ್ಲ. ಮೇಲಿನ ಮನೆಯಲ್ಲಿ ಮಗಳು ಮಾಲಾ, ಅಳಿಯ, ಅವರ ಮಕ್ಕಳು ಎಲ್ಲ ಆರಾಮು. ಶಿಡ್ಲಘಟ್ಟದಲ್ಲಿ ನಿನ್ನ ಮನೆಯವರೂ ಹಾಗೇ ಇರಲಿ ಅಂತ ಬೇಡ್ಕೋತೀನಿ. ನಿನ್ನ ಕಾರ್ಡು ಬಂದು ಐದು ವಾರ ಆಯ್ತು, ಉತ್ತರ ಬರೆಯೋದು ತಡ ಆಯ್ತು, ಕ್ಷಮಿಸು. ಸೋಮಾರಿತನದಿಂದಲ್ಲ. ಐದು ವಾರವೂ ನಿನ್ನ ಕೆಲಸದಲ್ಲೇ ಇದ್ದೆ, ಮುಂದೆ ಓದಿದರೆ ಗೊತ್ತಾಗುತ್ತೆ. ಫೋನ್ ಮಾಡೋಣ ಅಂದ್ರೆ ನಿನಗೆ ಕಿವಿ ಕೇಳಲ್ಲ. ಹೋದ ಸಲ ಹತ್ತು ನಿಮಿಷ ಕೂಗಿದೆ, ನೀನು "ಇಲ್ಲಿ ಮಳೆ ಇಲ್ಲ" ಅಂದು ಇಟ್ಟುಬಿಟ್ಟೆ. ಅದಕ್ಕೇ ಕಾಗದ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಕನ್ನಡ ಮೇಷ್ಟ್ರಿಗೆ ಬರೆಯುವಾಗ ಒತ್ತಕ್ಷರ ಎರಡೆರಡು ಸಲ ನೋಡ್ಕೋತೀನಿ. ತಪ್ಪು ಕಂಡರೆ ಕೆಂಪು ಗೀಟು ಎಳೆದು ಮುಂದಕ್ಕೆ ಹೋಗು.

ನಿನ್ನ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು. "ಹಲ್ಲು ಪೂರ್ತಿ ತೆಗೆಸಿದ್ದೇನೆ, ಸೆಟ್ಟು ಒಗ್ಗಲಿಲ್ಲ, ಮಾಂಸ ಬಿಟ್ಟಿದ್ದೇನೆ. ಇನ್ನು ನಿಮ್ಮಲ್ಲಿಗೆ ಊಟಕ್ಕೆ ಬಂದು ಏನು ಮಾಡಲಿ?" ಐವತ್ತು ವರ್ಷದಲ್ಲಿ ನೀನು ನನಗೆ ಹೋಗೋ ಬಾರೋ ಅನ್ನೋದು ಬಿಟ್ಟು 'ನಿಮ್ಮಲ್ಲಿಗೆ' ಅಂದಿದ್ದು ಅದೇ ಮೊದಲು. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಲಕ್ಷ್ಮಿಯ ಮಣ್ಣಿಗೆ ಬಂದು ಹೋದೆ. ಅದಕ್ಕೆ ಮುಂಚೆ ಎರಡು ವರ್ಷವೂ ಬಂದಿರಲಿಲ್ಲ, ಅದಾದ ಮೇಲೂ ಈ ಮನೆ ಕಡೆ ತಲೆ ಹಾಕಿಲ್ಲ. ಹೋದ ವರ್ಷ ಹೆಬ್ಬಾಳದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅಲ್ಲಿಂದಲೇ ಊರಿನ ಬಸ್ಸು ಹತ್ತಿದೆ ಅಂತ ಬೇರೆಯವರ ಬಾಯಿಂದ ತಿಳೀತು. ಹೆಬ್ಬಾಳದಿಂದ ಮತ್ತಿಕೆರೆ ಎಷ್ಟು ದೂರ ಹೇಳು. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ಆಟೋದವನಿಗೆ ದಾರಿ ಹೇಳೋ ಅಷ್ಟು ಸಲ ಬಂದಿದ್ದೀಯ.

ಕಾರ್ಡು ಓದಿದ ದಿನವೇ ತೀರ್ಮಾನ ಮಾಡಿದೆ. ಹಲ್ಲಿಲ್ಲ ಅನ್ನೋದು ನಿನ್ನ ಕಾರಣ ಆದ್ರೆ, ಹಲ್ಲು ಬೇಡದ ಮಟನ್ ಮಾಡೋದು ನನ್ನ ಕೆಲಸ. ಕುಕ್ಕರಿನಲ್ಲಿ ಕೂಗಿಸಿ ಸಾರು ಮಾಡೋದಲ್ಲ, ಸಾರು ನಿಮ್ಮನೆಯಲ್ಲೇ ಚೆನ್ನಾಗಿ ಮಾಡ್ತಾರೆ. ನಾನು ಮಾಡೋಕೆ ಹೊರಟಿದ್ದು ಆ ಚೈನೀಸು. ಬಿ.ಎಸ್ಸಿ. ಮೊದಲ ವರ್ಷದ ಪರೀಕ್ಷೆ ಮುಗಿದ ಸಾಯಂಕಾಲ ಕಂಟೋನ್ಮೆಂಟಿನ ಚೈನೀಸ್ ಹೋಟೆಲಿಗೆ ನಾವಿಬ್ಬರೂ ಹೋಗಿದ್ದೆವಲ್ಲ. ಅದು ಹಲಾಲ್ ಹೌದೋ ಅಲ್ಲವೋ ಅಂತ ನೀನು ಮಾಣಿಯನ್ನು ಮೂರು ಸಲ ಕೇಳಿದೆ, ಮೂರನೇ ಸಲಕ್ಕೆ ಅವನು ಒಳಗಿಂದ ಮಟನ್ ಕಡಿಯೋ ಸಾಬರನ್ನೇ ಕರ್ಕೊಂಡು ಬಂದು ನಿಲ್ಲಿಸಿದ. ಮಟನ್ ಚೂರು ತೆಳ್ಳಗೆ, ಕಪ್ಪಗೆ, ಹೊಳೀತಿತ್ತು. ಜೊತೆಗೆ ಈರುಳ್ಳಿ, ದೊಣ್ಣೆಮೆಣಸಿನಕಾಯಿ. ಉರಿಯಿಂದ ಈಗಷ್ಟೇ ಇಳಿಸಿದ್ದು, ಆದ್ರೂ ಲಿವರಿಗಿಂತ ಮೆತ್ತಗೆ. ಕೆಮಿಸ್ಟ್ರಿ ಓದೋನು ನಾನು, ಕನ್ನಡ ಮೇಜರ್ ನೀನು. "ಇದನ್ನ ಹೆಂಗೆ ಮಾಡಿದ್ದಾರೆ ಹೇಳೋ ಸೈಂಟಿಸ್ಟು" ಅಂತ ಕೇಳಿದೆ. ನನಗೆ ಗೊತ್ತಿರಲಿಲ್ಲ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟೆ, ಆಮೇಲೂ ಗೊತ್ತಾಗಲಿಲ್ಲ. ಈಗ ಗೊತ್ತಾಗಿದೆ.

ಮೊದಲನೇ ಭಾನುವಾರದ ಕಥೆ ಕೇಳು. ನನಗೆ ಗೊತ್ತಿದ್ದದ್ದು ಒಂದೇ ದಾರಿ, ವಿಷಲ್. ಸಾರಿಗೆ ಹೆಚ್ಚೋ ಹಾಗೆ ದಪ್ಪ ತುಂಡು ಮಾಡಿ, ಮೂರು ವಿಷಲ್ ಕೂಗಿಸಿ, ನೀರು ಬಸಿದು, ಬಾಣಲೆಗೆ ಹಾಕಿ ಸೋಯಾ ಸಾಸ್ ಸುರಿದೆ. ಮನೆಗೆಲಸಕ್ಕೆ ಬರೋ ಶರಣವ್ವ ಕಲಬುರಗಿ ಕಡೆಯವಳು, ಬಾಯಿಗೆ ಬೀಗ ಇಲ್ಲ. ಒಂದು ತುಂಡು ಅಗಿದು, ಅಗಿದು, ಕೊನೆಗೆ ಕೈಗೆ ತೆಗೆದು ನೋಡಿ, "ಇದೇನ್ರಿ ಯಪ್ಪಾ, ಚೀಲದ ದಾರ ಕುದಿಸೀರೇನು?" ಅಂದಳು. ಮಾಲಾ ಮೇಲಿಂದ ಇಳಿದು ಬಂದು ಬಾಣಲೆ ಇಣುಕಿ ನೋಡಿ, "ಅಪ್ಪಾ, ನಲವತ್ತು ವರ್ಷದಲ್ಲಿ ಅಮ್ಮಂಗೆ ಒಂದ್ ಈರುಳ್ಳಿ ಹೆಚ್ಚಿ ಕೊಟ್ಟವರಲ್ಲ ನೀವು. ಈಗ ಒಂದೇ ಸಲ ಚೈನಾಗೇ ಹೊರಟ್ಬಿಟ್ರಾ?" ಅಂದಳು. ನಾನು ಬಾಣಲೆಗೆ ತಟ್ಟೆ ಮುಚ್ಚಿದೆ. ರೋಮ್ ವಾಸ್ ನಾಟ್ ಬಿಲ್ಟ್ ಇನ್ ಅಂತ ಒಂದು ಗಾದೆ ಇತ್ತಲ್ಲ, ಎಷ್ಟು ದಿನ ಅಂತ ಮರೆತಿದ್ದೀನಿ. ಅಂತೂ ಒಂದೆರಡು ದಿನದಲ್ಲಿ ಆಗಿಲ್ಲ.

ಎರಡನೇ ವಾರ ಮೊಮ್ಮಗಳ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಮಟನ್ನಿಗೆ ಅಡುಗೆ ಸೋಡಾ ಹಚ್ಚಿ ಇಡ್ಬೇಕಂತೆ. ಎಷ್ಟು ಅಂತ ಹೇಳೋ ಹೊತ್ತಿಗೆ ಅದರಲ್ಲಿ ಜಾಹೀರಾತು ಬಂತು. ಸರಿ, ನನಗೇ ಗೊತ್ತಲ್ಲ ಅಂತ ಎರಡು ದೊಡ್ಡ ಚಮಚ ಹಾಕಿ ಕಲಸಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಹುರಿದರೆ ಮೆತ್ತಗೇನೋ ಆಗಿತ್ತು, ಆದ್ರೆ ರುಚಿ ಸಾಬೂನು. "ಬಾಂಡೆ ನಾ ತಿಕ್ಕೂದು ಬ್ಯಾಡ ಬಿಡ್ರಿ, ಈ ಮಟನ್ನೇ ತಿಕ್ಕತದ" ಅಂದಳು ಶರಣವ್ವ. ಆಗ ತಲೆಗೆ ಹೊಳೀತು. ಆಸಿಡ್ ಪ್ಲಸ್ ಬೇಸ್ ಈಸ್ ಈಕ್ವಲ್ ಟು ಸಾಲ್ಟ್ ಪ್ಲಸ್ ವಾಟರ್. ಸೋಡಾ ಬೇಸು, ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಸರಿಹೋಗುತ್ತೆ ಅಂತ ಹಿಂಡಿದೆ. ಬುಸ್ ಅಂತ ನೊರೆ ಬಂತು. ಲ್ಯಾಬಿನಲ್ಲಿ ಬಂದಿದ್ದರೆ ಮಾರ್ಕ್ಸ್ ಕೊಡ್ತಿದ್ದರು, ಬಾಣಲೆಯಲ್ಲಿ ಬಂತು.

ಮೂರನೇ ವಾರ ಹಿತ್ತಲ ಪರಂಗಿ ಮರದಿಂದ ಒಂದು ಕಾಯಿ ಕಿತ್ತೆ. ಕಾಯಿ ಪರಂಗಿ ಅರೆದು ಹಚ್ಚಿದರೆ ಎಂಥ ಗಟ್ಟಿ ಮಾಂಸವೂ ಮೆತ್ತಗಾಗುತ್ತೆ ಅಂತ ನಿಮ್ಮ ತಾಯಿಯೇ ಹೇಳ್ತಿದ್ದರು. ಒಂದು ಚಮಚ, ಒಂದು ಗಂಟೆ ಅಂತ ಅವರು ಹೇಳಿದ್ದಿರಬೇಕು. ನಾನು ಅರ್ಧ ಬಟ್ಟಲು ಹಚ್ಚಿ, ಕರೆಂಟ್ ಬಿಲ್ಲಿಗೆ ಬೆಸ್ಕಾಂ ಆಫೀಸಿಗೆ ಹೋಗಿ ಕ್ಯೂನಲ್ಲಿ ನಿಂತು, ಮಧ್ಯಾಹ್ನ ಬಂದೆ. ಬಾಣಲೆಗೆ ಹಾಕಿದರೆ ಮಟನ್ ಇಲ್ಲ. ಇತ್ತು, ತುಂಡು ಇರಲಿಲ್ಲ. "ಕೂಸಿಗೆ ಉಣಿಸೂ ಗಂಜಿ ಆಗ್ಯದ್ರಿ" ಅಂತ ಶರಣವ್ವ ನಗಾಡಿದಳು. ಅದನ್ನೇ ನಿನಗೆ ಬಡಿಸಬಹುದಿತ್ತು, ಹಲ್ಲು ಬೇಕಿರಲಿಲ್ಲ. ಆದ್ರೆ ನಿನ್ನನ್ನು ಕೂಸು ಮಾಡೋಕೆ ನನಗೆ ಇಷ್ಟ ಇಲ್ಲ. ತುಂಡು ತುಂಡಾಗಿರಬೇಕು, ಬಾಯಿಗೆ ಹೋದ ಮೇಲೆ ಬಿಡಬೇಕು.

ಮಂಗಳವಾರ

ಭಾನುವಾರ ಬರೆದು ಅಷ್ಟಕ್ಕೇ ನಿಲ್ಲಿಸಿದ್ದೆ, ಯಾಕೆಂದ್ರೆ ಕೊನೇ ಪರೀಕ್ಷೆ ಬಾಕಿ ಇತ್ತು. ಈಗ ಹೇಳ್ತೀನಿ.

ಇಲ್ಲಿ ಮತ್ತಿಕೆರೆಯ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಚನ್ನು ಅಂತ ಒಬ್ಬ ಚೈನೀಸ್ ಗಾಡಿ ಇಟ್ಟಿದ್ದಾನೆ. ಹುಡುಗರ ಗುಂಪು ನೊಣದ ಹಾಗೆ ಮುತ್ತಿರುತ್ತೆ. ನಾಲ್ಕನೇ ವಾರ ಅವನು ಒಲೆ ಹಚ್ಚೋ ಮೊದಲೇ ಹೋಗಿ, ಚೀಲದಿಂದ ಕುರಿ ತೊಡೆ ತೆಗೆದು ಮುಂದಿಟ್ಟೆ. "ಏನ್ ಅಂಕಲ್, ಎಕ್ಸ್‌ರೇ ತೋರ್ಸೋಕೆ ಬಂದಂಗೆ ಬಂದಿದ್ದೀರಾ" ಅಂದ. ವಿಷಯ ಹೇಳಿದೆ, ಹಲ್ಲಿಲ್ಲದ ಸ್ನೇಹಿತನಿಗೆ ಅಂತ. ಆಮೇಲೆ ತಮಾಷೆ ಬಿಟ್ಟ. ಮಾಂಸವನ್ನು ತಿರುಗಿಸಿ ಹಿಡಿದು, "ನಾರು ಯಾವ್ ಕಡೆ ಓಡ್ತಾ ಇದೆ ನೋಡಿ. ನೀವು ಅದ್ರ ಜೊತೇಲೇ ಕತ್ತಿ ಓಡಿಸ್ತಿದ್ದೀರಾ, ಅದಕ್ಕೇ ದಾರ. ಅಡ್ಡ ಹೆಚ್ಚಿ. ಅರ್ಧ ಕೆಲಸ ಸೋಡಾದ್ದಲ್ಲ, ಕತ್ತೀದು" ಅಂದ. ನೋಡು, ಎಪ್ಪತ್ತೆರಡು ವರ್ಷ ಕುರಿ ತಿಂದಿದ್ದೀನಿ, ಅದರ ನಾರು ಯಾವ ಕಡೆ ಓಡುತ್ತೆ ಅಂತ ಒಂದು ದಿನ ನೋಡಿರಲಿಲ್ಲ.

ಈಗ ನನ್ನ ಕ್ರಮ ಹೀಗೆ. ತೊಡೆಯ ಮೂಳೆ ಇಲ್ಲದ ಮಾಂಸ, ಮೇಲಿನ ಬಿಳಿ ಪೊರೆ ಪೂರ್ತಿ ಎಳೆದು ತೆಗೀಬೇಕು. ಮುಕ್ಕಾಲು ಗಂಟೆ ಫ್ರೀಜರಿನಲ್ಲಿಟ್ಟರೆ ಅರ್ಧ ಗಟ್ಟಿಯಾಗುತ್ತೆ, ಆಗ ಕತ್ತಿಗೆ ಜಾರಲ್ಲ. ನಾರಿಗೆ ಅಡ್ಡವಾಗಿ ಚಪಾತಿಯಷ್ಟು ತೆಳ್ಳಗೆ ಹೆಚ್ಚಬೇಕು. ಅರ್ಧ ಕೆ.ಜಿ.ಗೆ ಮುಕ್ಕಾಲು ಟೀ ಚಮಚ ಸೋಡಾ, ಎರಡು ಚಮಚ ನೀರು, ಇಪ್ಪತ್ತೈದು ನಿಮಿಷ. ಗಡಿಯಾರ ನೋಡ್ಕೊಂಡು ಎದುರಿಗೇ ಕೂತಿರ್ತೀನಿ. ಆಮೇಲೆ ಮೂರು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು. ಒಂದು ಮೊಟ್ಟೆಯ ಬಿಳಿ, ಒಂದು ಚಮಚ ಕಾರ್ನ್‌ಫ್ಲೋರು, ಸೋಯಾ ಸಾಸ್, ಎಣ್ಣೆ ಹಾಕಿ ಕಲಸಿ ಅರ್ಧ ಗಂಟೆ. ವಿಡಿಯೋದವಳು ಇಲ್ಲಿ ವೈನ್ ಹಾಕಿ ಅಂದಳು. ನಾನು ಅದರ ಬದಲು ಶುಂಠಿ ರಸ ಹಾಕಿದೆ. ಸಾಸಿನ ಬಾಟಲಿಯ ಹಿಂದೆ ಇರುವೆ ಸಾಲಿನ ಹಾಗೆ ಬರೆದಿದ್ದನ್ನೂ ಭೂತಗನ್ನಡಿ ಹಿಡಿದು ಓದಿ ನೋಡಿದ್ದೀನಿ, ನಿನಗೆ ಆಗದ್ದು ಏನೂ ಇಲ್ಲ. ಮಟನ್ನು ನಿಮ್ಮವರ ಅಂಗಡಿಯದ್ದೇ. ಬಾಣಲೆ ಹೊಗೆ ಬರೋ ಹಾಗೆ ಕಾಯಿಸಿ, ಒಂದೊಂದೇ ಹಿಡಿ ಹಾಕಿ ಹುರಿದು ತೆಗೀಬೇಕು. ಎಲ್ಲ ಒಟ್ಟಿಗೆ ಸುರಿದರೆ ನೀರು ಬಿಟ್ಟು ಸಾರಾಗುತ್ತೆ.

ಇವತ್ತು ಬೆಳಗ್ಗೆ ಹೀಗೇ ಮಾಡಿದೆ. ತಟ್ಟೆಗೆ ಹಾಕ್ಕೊಂಡು, ನನ್ನ ಹಲ್ಲಿನ ಸೆಟ್ಟನ್ನು ಮೇಲಿನದು ಕೆಳಗಿನದು ಎರಡೂ ಬಿಚ್ಚಿ ಲೋಟದ ನೀರಿಗೆ ಹಾಕಿದೆ. ನಿನ್ನ ಬಾಯಲ್ಲಿ ತಿಂದು ನೋಡಬೇಕಲ್ಲ, ನನ್ನ ಬಾಯಲ್ಲಿ ಅಲ್ಲ. ಬರೀ ವಸಡು. ಮೊದಲ ತುಂಡು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದೆ. ಬಿಟ್ಟುಕೊಡ್ತು. ಎರಡನೆಯದೂ ಬಿಟ್ಟುಕೊಡ್ತು. ಇಡೀ ತಟ್ಟೆ ಹಾಗೇ ತಿಂದೆ. ಶರಣವ್ವ ಬಾಗಿಲಲ್ಲಿ ನಿಂತು ನೋಡ್ತಿದ್ದವಳು ಈ ಸಲ ತನ್ನ ತಟ್ಟೆ ಮುಂದಕ್ಕೆ ಚಾಚಿದಳು. ಮಾಲಾ ತಿಂದು, "ಅಪ್ಪಾ, ಇದು ಅಮ್ಮಂಗೂ ಬರ್ತಿರಲಿಲ್ಲ" ಅಂದು, ಸೆರಗಿನಿಂದ ಮೂಗು ಒರೆಸಿಕೊಂಡು ಮೇಲಕ್ಕೆ ಹೋದಳು.

ಆದ್ದರಿಂದ ನಿನ್ನ ಕಾರಣ ಮುಗೀತು. ಇದೇ ತಿಂಗಳ ಇಪ್ಪತ್ತಮೂರು, ಭಾನುವಾರ. ಆಮೇಲಿನ ವಾರ ನಿನಗೆ ರಂಜಾನಿನ ಉಪವಾಸ ಶುರುವಾಗುತ್ತೆ, ಅದಕ್ಕೇ ಮುಂಚೆ. ಬೆಳಗಿನ ಬಸ್ಸಿಗೆ ಹತ್ತು, ಹೆಬ್ಬಾಳದಲ್ಲಿ ಇಳಿ. ನಾನು ಫ್ಲೈಓವರಿನ ಕೆಳಗೆ ನಿಂತಿರ್ತೀನಿ. ಒಂದು ಗಂಟೆಗೆ ಊಟ. ನಾಲ್ಕಕ್ಕೆ ಬೇಕಿದ್ದರೆ ಬಸ್ಸು ಹತ್ತಿಸ್ತೀನಿ.

ನೀನು ನನಗಿಂತ ಮೂರು ತಿಂಗಳು ದೊಡ್ಡವನು, ನಿನಗೆ ಆಶೀರ್ವಾದ ಮಾಡೋ ಹಕ್ಕು ನನಗಿಲ್ಲ. ನಿನ್ನ ಮೊಮ್ಮಕ್ಕಳಿಗೆ ಮಾಡ್ತೀನಿ. ಅವರ ಹಲ್ಲು ಗಟ್ಟಿಯಾಗಿರಲಿ, ಅವರ ಮುಂದೆ ಯಾವ ಬಾಗಿಲೂ ಮುಚ್ಚದಿರಲಿ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಬೈರಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಹಲ್ಲು ಕಾರಣ ಅಲ್ಲ ಅಂತ ಕಾರ್ಡು ಓದಿದಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಐದು ವಾರ ಮಟನ್ ಹೆಚ್ಚಿಕೊಂಡು ಕೂತೆ. ಇದನ್ನು ಬರೆಯೋದಕ್ಕಿಂತ ಅದು ಸುಲಭ ಇತ್ತು.

ನಾಲ್ಕು ವರ್ಷದ ಹಿಂದೆ ನಿನ್ನ ಮಗ ಜೀಷಾನ್ ಹೆಂಡತಿಯನ್ನು ಕರ್ಕೊಂಡು ನಮ್ಮ ಗೇಟಿಗೆ ಬಂದ. "ಯಶವಂತಪುರದಲ್ಲಿ ಕೆಲಸ ಸಿಕ್ಕಿದೆ ಚಾಚಾ, ನಿಮ್ಮ ಎರಡನೇ ಮಹಡಿ ಖಾಲಿ ಇದೆಯಂತಲ್ಲ" ಅಂದ. ನಾನು ಗೇಟು ತೆಗೀಲಿಲ್ಲ. "ನಿಮ್ಮ ಚಾಚಿಗೆ ಈಗೀಗ ಮಾಂಸದ ವಾಸನೆ ಆಗಲ್ಲಪ್ಪ, ಸಸ್ಯಾಹಾರಿಗಳಿಗೆ ಮಾತ್ರ ಕೊಡಬೇಕು ಅಂತಾಳೆ" ಅಂದೆ. ಅದೇ ಹೊತ್ತಿನಲ್ಲಿ ಲಕ್ಷ್ಮಿ ಹಿತ್ತಲಲ್ಲಿ ಕುರಿ ಕಾಲು ಸುಡ್ತಿದ್ದಳು. ಕೂದಲು ಸುಟ್ಟ ವಾಸನೆ ಬೀದಿಯವರೆಗೂ ಬಂದಿತ್ತು. ಜೀಷಾನ್ ಹಿತ್ತಲ ಕಡೆ ಒಂದು ಸಲ ನೋಡಿದ, ನನ್ನ ಮುಖ ಒಂದು ಸಲ ನೋಡಿದ. "ಆಯ್ತು ಚಾಚಾ. ಚಾಚಿಗೆ ಸಲಾಂ ಹೇಳಿ" ಅಂದು ಸ್ಕೂಟರು ತಿರುಗಿಸಿದ. ಅವನು ನಿನಗೆ ಹೇಳಿದನೋ ಇಲ್ಲವೋ ಅಂತ ಬಹಳ ದಿನ ಯೋಚಿಸಿದೆ. ನೀನು ಬರೋದು ನಿಲ್ಲಿಸಿದ ಮೇಲೆ ಯೋಚಿಸೋದಕ್ಕೆ ಏನೂ ಉಳೀಲಿಲ್ಲ.

ಬೇರೆ ಬಾಡಿಗೆಯವರು ಏನಂತಾರೋ ಅಂತ ಹೆದರಿದೆ. ಯಾರೂ ಏನೂ ಅಂದಿರಲಿಲ್ಲ. ನಾನೇ ಮುಂಚೆ ಹೆದರಿದೆ. ಲಕ್ಷ್ಮಿಗೆ ಎಲ್ಲ ಕೇಳಿಸಿತ್ತು. "ನನ್ನ ಹೆಸರು ಯಾಕೆ ಹೇಳಿದ್ರಿ?" ಅಂದಳು. ಅವತ್ತು ಮಾಡಿದ ಕಾಲು ಸಾರನ್ನು ಅವಳು ಬಾಯಿಗೆ ಹಾಕಲಿಲ್ಲ. ಮೊಯಿನುದ್ದೀನಣ್ಣಂಗೆ ಒಂದು ಕಾಗದ ಬರೀರಿ ಅಂತ ಸಾಯೋವರೆಗೂ ಹೇಳಿದಳು. ನಾನು ಬರೀಲಿಲ್ಲ. ನಿನ್ನ ಮಗನಿಗೆ ಮನೆ ಇಲ್ಲ ಅಂದವನು ನಾನು, ಲಕ್ಷ್ಮಿ ಅಲ್ಲ. ಇದನ್ನು ಜೀಷಾನನಿಗೂ ಅವನ ಹೆಂಡತಿಗೂ ಓದಿ ಹೇಳು.

ಇಪ್ಪತ್ತಮೂರಕ್ಕೆ ನೀನು ಬರದಿದ್ದರೆ ಇಪ್ಪತ್ತನಾಲ್ಕಕ್ಕೆ ನಾನು ಬರ್ತೀನಿ. ಒಲೆ, ಬಾಣಲೆ, ಹೆಚ್ಚಿ ತೊಳೆದ ಮಟನ್ನು, ಎಲ್ಲ ತರ್ತೀನಿ. ಒಳಗೆ ಕರೆಯದಿದ್ದರೂ ಪರವಾಗಿಲ್ಲ. ನಿನ್ನ ಮಗನೂ ಸೊಸೆಯೂ ನಮ್ಮ ಗೇಟಿನ ಆಚೆಗೇ ನಿಂತಿದ್ದರು.