ಪ್ರೆಬೆನ್‌ನ ಅರವತ್ತಕ್ಕೆ ನಾನು ಬರೆಸಿದ ಹಾಡು

ಪ್ರೀತಿಯ ಪ್ರೆಬೆನ್‌ಗೆ,

‘ಪ್ರೀತಿಯ’ ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಶನಿವಾರ ಆದದ್ದು ಆದ ಮೇಲೆ ಆ ಮಾತು ಬಳಸಲು ನನಗೆ ಮುಖವಿಲ್ಲ. ಆದರೆ ನಮ್ಮಲ್ಲಿ ಕರೆಂಟಿನ ಕಂಪನಿಗೆ ಕಾಗದ ಬರೆದರೂ ಹಾಗೇ ತಾನೇ ಶುರು ಮಾಡುವುದು? ಆ ರೂಢಿಯ ಮರೆಯಲ್ಲಿ ನಿಂತು ನಾನೂ ಶುರು ಮಾಡುತ್ತೇನೆ. ಇದನ್ನು ಯಾವ ಎಐ ಹತ್ತಿರವೂ ತಿದ್ದಿಸಿಲ್ಲ. ಹತ್ತನೇ ತರಗತಿಗೆ ಶಾಲೆ ಬಿಟ್ಟವನ ಬರಹ. ತಪ್ಪುಗಳಿದ್ದರೆ ಇರಲಿ, ಅವು ನನ್ನವೇ.

ಹಾಡು ಬರೆಯಲು ನನಗೆ ಹೇಳಿದ್ದು ನಿನ್ನ ತಂಗಿ ಗ್ರೇತೆ ಅತ್ತೆ. ನಾನು ಒಲ್ಲೆ ಎಂದಿದ್ದೆ. ಅವಳು ಬಿಡಲಿಲ್ಲ. “ಮಾಲ್ತೆ, ಮನೆ ಹುಡುಗ ನೀನು ಬರೀದೆ ಇನ್ಯಾರನ್ನ ಬಾಡಿಗೆಗೆ ತರ್ಲಿ? ದಿನಾ ಆ ಫೋನ್ ಜೊತೆ ಮಾತಾಡ್ತಿರ್ತೀಯಲ್ಲ, ಅದಕ್ಕೇ ಹೇಳಿ ಬರೆಸು” ಎಂದಳು. ಅವಳದ್ದೂ ತಪ್ಪಲ್ಲ. ಇಡೀ ಡೆನ್ಮಾರ್ಕ್‌ನಲ್ಲಿ ಹಾಡಿಲ್ಲದೆ ಅರವತ್ತು ತುಂಬಿದವರು ಯಾರಿದ್ದಾರೆ? ಎಲ್ಲರಿಗೂ ಬರುವ ಧಾಟಿ, ಅದಕ್ಕೆ ಹುಟ್ಟುಹಬ್ಬದವನ ಚಾಳಿಗಳನ್ನೆಲ್ಲ ಹೆಣೆದ ಹೊಸ ಮಾತು. ಹಾಳೆ ಸುತ್ತಿ, ರಿಬ್ಬನ್ ಕಟ್ಟಿ, ತಟ್ಟೆಯ ಪಕ್ಕ ಇಡುವುದು. ಸನ್ನೆ ಆಗುವವರೆಗೆ ಯಾರೂ ಬಿಚ್ಚುವಂತಿಲ್ಲ. ಶುರುವಾದ ಮೇಲೆ ಕೊನೆಯ ನುಡಿಯವರೆಗೆ ಯಾರೂ ನಿಲ್ಲಿಸುವಂತಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಬೇರೆ ಇದೆ, ಅದನ್ನು ಹೇಳುವುದಕ್ಕೇ ಈ ಕಾಗದ.

ಈ ಎಐಗಳಿಗೆ ನಾವು ಯಾರೆಂದು ಮೊದಲೇ ಗೊತ್ತಿರುವುದಿಲ್ಲ. ಪ್ರತಿ ಸಲ ಹೊಸದಾಗಿ ಹೇಳಬೇಕು. ಅದಕ್ಕೇ ಜನ ತಮ್ಮ ಬಗ್ಗೆ ಒಂದು ಪುಟ ಬರೆದಿಟ್ಟುಕೊಳ್ಳುತ್ತಾರೆ. ನಾನು ಇಂಥವನು, ನನ್ನ ಜೊತೆ ಹೀಗೆ ಮಾತಾಡು, ಇದು ನನಗೆ ಆಗಿಬರುವುದಿಲ್ಲ ಎಂದು. ಯಾವ ಎಐ ಬಳಸಿದರೂ ಆ ಪುಟವನ್ನು ಮೊದಲು ಅದರ ಮುಂದೆ ಇಟ್ಟರಾಯಿತು, ಅದು ನಮ್ಮ ಹಳೆಯ ಗೆಳೆಯನ ಹಾಗೆ ನಡೆದುಕೊಳ್ಳುತ್ತದೆ. ನಾನು ನನ್ನ ಪುಟ ಬರೆದದ್ದು ಕೆಲವು ವರ್ಷದ ಹಿಂದೆ, ಮೀನಿನ ಕಾರ್ಖಾನೆಯ ಕೆಲಸ ಬಿಟ್ಟು ಮನೆಗೆ ಬಂದ ಆ ಮಾರ್ಚ್‌ನಲ್ಲಿ. ನೀನು ಅಡುಗೆಮನೆಯಲ್ಲಿ ಬ್ರೆಡ್ ಕೊಯ್ಯುತ್ತಾ, ತಲೆ ಎತ್ತದೆ, “ಒಂದ್ ಕೆಲ್ಸಾನಾದ್ರೂ ಪೂರ್ತಿ ಮಾಡಿ ನೋಡು” ಎಂದಿದ್ದೆ. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಬರೆದೆ: ‘ನಾನು ಒಂದು ಕಡೆ ನಿಲ್ಲುವವನಲ್ಲ. ನನಗೆ ಸಿಹಿ ಮಾತು ಬೇಡ, ನನ್ನ ಮನೆಯವರ ಬಗ್ಗೆಯೂ ಸುಳ್ಳು ಹೊಗಳಿಕೆ ಬೇಡ. ಪ್ರೆಬೆನ್ ಅಮ್ಮನ ಮನೆಯಲ್ಲಿ ಇರುವವನು, ನನ್ನ ತಂದೆಯಲ್ಲ. ಕೇಳದೆ ಬುದ್ಧಿ ಹೇಳುತ್ತಾನೆ, ಅವನಿದ್ದರೆ ಉಸಿರಾಡಲು ಗಾಳಿ ಇರುವುದಿಲ್ಲ. ಇದನ್ನು ಯಾವಾಗಲೂ ನೆನಪಿಟ್ಟುಕೊ.’

ಆಮೇಲೆ ಸಿಟ್ಟು ಇಳಿಯಿತು. ಈಸ್ಟರ್‌ಗೆ ನಾವಿಬ್ಬರೂ ಸೇರಿ ಬೇಲಿಗೆ ಬಣ್ಣವನ್ನೂ ಹೊಡೆದೆವು. ಆದರೆ ಪುಟ ಹಾಗೇ ಉಳಿಯಿತು. ಫೋನ್ ಬದಲಾಯಿತು, ಎಐ ಬದಲಾಯಿತು, ಪುಟ ಮಾತ್ರ ನನ್ನ ಹಿಂದೆಯೇ ಬಂತು. ಕೆಲಸದ ಅರ್ಜಿಗೂ ಅದೇ, ತೆರಿಗೆ ಕಾಗದಕ್ಕೂ ಅದೇ, ಒಬ್ಬ ಹುಡುಗಿಗೆ ಉತ್ತರ ಬರೆಯುವುದಕ್ಕೂ ಅದೇ. ಮತ್ತೆ ಒಮ್ಮೆಯೂ ನಾನು ಅದನ್ನು ಓದಿ ನೋಡಲಿಲ್ಲ. ಮೈ ಬೆಳೆದರೂ ಚಿಕ್ಕಂದಿನ ಅಂಗಿಯನ್ನೇ ತೊಟ್ಟು ತಿರುಗುವವನ ಹಾಗೆ.

ಹಾಡಿಗೂ ಅದೇ ಪುಟ ಇಟ್ಟೆ. ನಿನ್ನ ಟೈರಿನ ಗಾಳಿ, ಒದ್ದೆ ಬೂಟು ಒಣಗಲೆಂದು ಅದರೊಳಗೆ ತುಂಬುವ ಪೇಪರು, ನೀನು ಕೆಲಸ ಮಾಡುವ ಈಜುಕೊಳದ ಪಂಪುಗಳಿಗೆ ಹೆಸರಿಟ್ಟು ಬೈಯುವುದು, ಎಲ್ಲ ಹೇಳಿದೆ. ನಗುವ ಹಾಗೆ ಬರೆ, ಆದರೆ ನಿಜ ಇರಲಿ ಎಂದೆ. ಉದ್ದನೆಯ ಹಾಡು ಬಂತು. ಬಸ್ ಸ್ಟಾಪಿನಲ್ಲಿ ನಿಂತು ಮೊದಲ ಮೂರು ನುಡಿ ಓದಿದೆ, ಒಬ್ಬನೇ ನಕ್ಕೆ, ಬಸ್ಸು ಬಂತು, ಗ್ರೇತೆ ಅತ್ತೆಗೆ ಕಳಿಸಿಬಿಟ್ಟೆ. ನಿನ್ನ ಹಾಡನ್ನು ಪೂರ್ತಿ ಓದುವಷ್ಟು ವ್ಯವಧಾನ ನನಗಿರಲಿಲ್ಲ, ಪ್ರೆಬೆನ್. ಅತ್ತೆಯೂ ಓದಲಿಲ್ಲ. ಎಲ್ಲರ ಜೊತೆ ಕೂತೇ ನಗಬೇಕೆಂದು ಅರ್ಧ ಕಣ್ಣು ಮುಚ್ಚಿಕೊಂಡೇ ಪ್ರಿಂಟ್ ತೆಗೆದಳಂತೆ.

ಶನಿವಾರ ಊಟಕ್ಕೆ ಕೂತಾಗ ಸೂಪ್ ಬಡಿಸಿದ್ದರು. ಅತ್ತೆ ಗ್ಲಾಸಿಗೆ ಚಮಚ ತಟ್ಟಿದಳು. ಊರಿನ ಸಭಾಮನೆ ತುಂಬ ಹಾಳೆ ಬಿಚ್ಚುವ ಸದ್ದು. ಹಾಡು ಚೆನ್ನಾಗಿಯೇ ಶುರುವಾಯಿತು.

ಟೈರಿಗೆ ಗಾಳಿ ಎಷ್ಟಿರಬೇಕು, ಯಾರು ಹೇಳಬಲ್ಲ?
ಬೂಟಿನ ಒದ್ದೆ ಹೇಗಾರಬೇಕು, ಯಾರು ಹೇಳಬಲ್ಲ?
ಅದೂ ಗೊತ್ತು, ಇದೂ ಗೊತ್ತು, ಎಲ್ಲಾ ಪ್ರೆಬೆನ್ ಬಲ್ಲ!

ನೀನು ನಗುತ್ತಿದ್ದೆ. ಹಾಡಿನ ನಡುವೆಯೇ ಪಕ್ಕದವನಿಗೆ, ಮುಂದಿನ ಚಕ್ರಕ್ಕೆ ಗಾಳಿ ಸ್ವಲ್ಪ ಜಾಸ್ತಿ ಬೇಕು ಎಂದು ತಿದ್ದಿ ಹೇಳಿದ್ದನ್ನು ನಾನು ನೋಡಿದೆ. ನನಗೆ ಹೆಮ್ಮೆಯಾಯಿತು. ಆಮೇಲೆ ಹಾಳೆಯ ಕೆಳಗಡೆ ಕಣ್ಣು ಹಾಯಿತು. ಎಲ್ಲರ ಬಾಯಿಗಿಂತ ಒಂದು ನುಡಿ ಮುಂಚೆಯೇ ನಾನು ಅದನ್ನು ಕಂಡೆ. ಗ್ಲಾಸು ಬೀಳಿಸಬಹುದಿತ್ತು. ಕುರ್ಚಿ ಸಮೇತ ನಾನೇ ಬೀಳಬಹುದಿತ್ತು. ನಾನು ಏನು ಮಾಡಿದೆ ಗೊತ್ತಾ? ಹಾಡಿದೆ. ಎಲ್ಲರ ಜೊತೆ ನನ್ನ ಬಾಯಿಯೂ ಆಡುತ್ತಲೇ ಇತ್ತು.

ಕೇಳದೆ ಹೇಳುವ ಬುದ್ಧಿಯ ನಡುವೆ ಉಸಿರಿಗೆ ಗಾಳಿಯೇ ಇಲ್ಲ,
ಅಮ್ಮನ ಮನೆಯಲಿ ಇರುವವನಷ್ಟೇ, ಮಾಲ್ತೆಗೆ ತಂದೆಯೇ ಅಲ್ಲ.
ಅದೂ ಗೊತ್ತು, ಇದೂ ಗೊತ್ತು, ಎಲ್ಲಾ ಪ್ರೆಬೆನ್ ಬಲ್ಲ!

ಆ ಕೊನೆಯ ಸಾಲನ್ನು ಇಡೀ ಸಭೆ ಮೇಜು ಬಡಿಯುತ್ತಾ ಹಾಡಿತು. ಮೇಜಿನ ಆ ತುದಿಯವರಿಗೆ ತಾವು ಏನು ಹಾಡಿದೆವೆಂದು ತಲೆಗೆ ಹೋಗುವಷ್ಟರಲ್ಲಿ ಮುಂದಿನ ನುಡಿ ಬಂದಿತ್ತು. ಅಮ್ಮ ಹಾಡುವುದನ್ನು ನಿಲ್ಲಿಸಿದಳು. ನೀನು ನಿಲ್ಲಿಸಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತಪ್ಪದೆ, ಕೊನೆಯವರೆಗೆ ಹಾಡಿದೆ. ಹುರ್ರಾ ಕೂಗಿದ ಮೇಲೆ ನೀನು ಎದ್ದು ನಿಂತು, “ಹಾಡಿಗೆ ಥ್ಯಾಂಕ್ಸ್. ಸೂಪ್ ಆರೋಗಿದೆ, ಬಿಸಿ ಮಾಡ್ಕೊಂಡು ಕುಡೀರಿ ಅನ್ನೋಣ ಅಂತಿದ್ದೆ. ಬೇಡ. ಕೇಳ್ದೆ ಹೇಳಬಾರ್ದು” ಎಂದೆ. ಎಲ್ಲರೂ ನಕ್ಕರು. ಎಷ್ಟು ಹಗುರ ಮಾಡಿಬಿಟ್ಟೆ ನೀನು, ನನಗೋಸ್ಕರ. ನಾನು ಮಾಂಸ ಬಡಿಸುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಬಿದ್ದು ರೈಲು ಹಿಡಿದೆ. ನಿನ್ನ ಕೈಕುಲುಕಲಿಲ್ಲ. ಕೋಟನ್ನೂ ಅಲ್ಲೇ ಬಿಟ್ಟೆ.

ಮಂಗಳವಾರ ಅಮ್ಮ ಫೋನ್ ಮಾಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ಅವನಿಗೆ ಸಿಟ್ಟೇನಿಲ್ಲ ಕಣೋ. ಮಾತೇ ಇಲ್ಲ ಅಷ್ಟೆ” ಎಂದಳು. ಪಕ್ಕದ ಮನೆಯವನು ಏಣಿಯನ್ನು ಅಲುಗಾಡುವ ಹಾಗೆ ಇಟ್ಟುಕೊಂಡು ಸೂರಿಗೆ ಹತ್ತುತ್ತಿದ್ದನಂತೆ. ನೀನು ಕಿಟಕಿಯಲ್ಲಿ ನಿಂತು ನೋಡಿ, ಕದ ತೆಗೆಯಲು ಕೈ ಹಾಕಿ, ಸುಮ್ಮನೆ ಬಂದು ಕೂತೆಯಂತೆ. ಈಜುಕೊಳಕ್ಕೆ ಹೋಗುವುದು, ಬರುವುದು, ಊಟ ಮಾಡುವುದು, ಅಷ್ಟೇ. “ಕಾಫಿ ಕಹಿಯಾಯ್ತು ಅಂತಾನೂ ಹೇಳ್ತಿಲ್ಲ, ಮಾಲ್ತೆ. ಮನೆ ಬಿಕೋ ಅಂತಿದೆ” ಎಂದಳು. ಆಮೇಲೆ, ಆ ಸಾಲುಗಳು ನನ್ನವೋ ಎಐನವೋ ಎಂದು ಕೇಳಿದಳು. ನಾನು ಎಐ ಬರೆದದ್ದು ಅಂದೆ. ನಿನಗೂ ಹಾಗೆಂದೇ ಹೇಳಿರುತ್ತಾಳೆ. ಅದನ್ನು ನಂಬಬೇಡ. ಪ್ರಾಸ ಅದರದ್ದು, ಮಾತು ನನ್ನದು. ನೆನಪಿಟ್ಟುಕೊ ಎಂದಿದ್ದೆ, ಪಾಪ, ಇಟ್ಟುಕೊಂಡಿತು.

ನನ್ನನ್ನು ಸುಡುತ್ತಿರುವುದು ಪುಟದಲ್ಲಿ ಬರೆದದ್ದಕ್ಕಿಂತ ಬರೆಯದೇ ಬಿಟ್ಟದ್ದು. ಡ್ರೈವಿಂಗ್ ಪರೀಕ್ಷೆಯ ಪುಸ್ತಕದ ಅಕ್ಷರಗಳು ನನ್ನ ಕಣ್ಣಮುಂದೆ ಕುಣಿಯುತ್ತಿದ್ದಾಗ, ಪಂಪಿನ ಕೋಣೆಯಲ್ಲಿ ಆ ಗದ್ದಲದ ಮಧ್ಯೆ ಗಂಟಲು ಹರಿಯುವ ಹಾಗೆ ಓದಿ ಹೇಳಿದವನು ನೀನು. ಹಡಗಿನ ಕೆಲಸ ಬಿಟ್ಟು ಓಡಿಬಂದಾಗ ಬಂದರಿನವರೆಗೆ ಕಾರು ಓಡಿಸಿಕೊಂಡು ಹೋಗಿ ನನ್ನ ಚೀಲ ತಂದವನೂ ನೀನೇ. ಅವತ್ತು ದಾರಿಯುದ್ದಕ್ಕೂ ನೀನು ಒಂದು ಬುದ್ಧಿಮಾತೂ ಹೇಳಲಿಲ್ಲ. ರೇಡಿಯೋ ಹಾಕಿದೆ. ಅದು ನನ್ನ ಪುಟಕ್ಕೆ ಹೋಗಲಿಲ್ಲ. ಕುತ್ತಿಗೆ ಹಿಡಿದದ್ದನ್ನು ಮಾತ್ರ ಬರೆದೆ, ಕೈ ಹಿಡಿದದ್ದನ್ನು ಬರೆಯಲಿಲ್ಲ.

ಈಗ ಆ ಪುಟ ಅಳಿಸಿದ್ದೇನೆ. ಅದರಿಂದ ಏನು ಬಂತು? ಹಾಡಿನ ಹಾಳೆಗಳನ್ನು ನೆಂಟರೆಲ್ಲ ನೆನಪಿಗೆಂದು ಮನೆಗೆ ಒಯ್ದಿದ್ದಾರೆ. ಎಷ್ಟು ಮನೆಗಳ ಡ್ರಾಯರಿನಲ್ಲಿ ಆ ಮಾತು ಮಲಗಿದೆಯೋ. ಈಗಿನ್ನು ನಿನ್ನನ್ನು ಅಪ್ಪ ಎಂದು ಕರೆಯುತ್ತೇನೆ ಅಂತಲೂ ಬರೆಯುವುದಿಲ್ಲ. ಇವತ್ತು ಹಾಗೆ ಕರೆದರೆ ಅದು ಲಂಚವಾಗುತ್ತದೆ.

ಅಳಿಸುವ ಮೊದಲು ಇನ್ನೊಂದು ನಡೆಯಿತು. ಇಲ್ಲಿ ನಾನೀಗ ಕೆಲಸ ಮಾಡುತ್ತಿರುವ ಎಸ್ಬಿಯರ್ ಬಂದರಿನಲ್ಲಿ ನಮ್ಮ ಮೇಲ್ವಿಚಾರಕಿ ನನ್ನನ್ನು ಕರೆದು, ಎಲೆಕ್ಟ್ರಿಷಿಯನ್ ತರಬೇತಿಗೆ ಸೇರುತ್ತೀಯಾ ಎಂದು ಕೇಳಿದಳು. ನಾಲ್ಕು ವರ್ಷ, ಒಂದೇ ಕಡೆ. ಸಂಬಳ ಈಗಿನದ್ದಕ್ಕಿಂತ ಕಡಿಮೆ. ಶುಕ್ರವಾರದೊಳಗೆ ಹೇಳಬೇಕು. ನಾನು ಎಂದಿನಂತೆ ಎಐಯನ್ನು ಕೇಳಿದೆ. ‘ನೀವು ಒಂದು ಕಡೆ ನಿಲ್ಲುವವರಲ್ಲ, ಇದು ನಿಮಗೆ ಒಗ್ಗಲಿಕ್ಕಿಲ್ಲ’ ಎಂದಿತು. ಬಾಗಿಲು ಹಾಕಿಕೊಂಡು ಕೂತಿದ್ದ ಆ ಮಾರ್ಚ್ ತಿಂಗಳ ಹುಡುಗ ನನಗೆ ತಿರುಗಿ ಬುದ್ಧಿ ಹೇಳುತ್ತಿದ್ದ. ಅವನ ಮಾತು ಕೇಳಲು ನನಗೆ ಭಯವಾಯಿತು, ಪ್ರೆಬೆನ್. ಕೇಳದಿರಲೂ ಭಯ.

ಹಾಗಾಗಿ ನಿನ್ನನ್ನು ಕೇಳುತ್ತಿದ್ದೇನೆ. ನಾನಾಗಿ, ಬಾಯಿಬಿಟ್ಟು, ಮೊದಲನೇ ಸಲ. ಸೇರಲಾ, ಬೇಡವಾ? ಎರಡನೇ ತಿಂಗಳಿಗೆ ಕಾಲು ಕಿತ್ತುಕೊಂಡು ಓಡಬೇಕು ಅನ್ನಿಸಿದರೆ ಏನು ಮಾಡಲಿ? ನೀನು ಅಷ್ಟು ವರ್ಷ ಆ ಪಂಪುಗಳ ಹತ್ತಿರ ಹೇಗೆ ನಿಂತೆ? ಚಿಕ್ಕದಾಗಿ ಹೇಳಬೇಡ. ಬ್ರೆಡ್ ಕೊಯ್ಯುವುದರಿಂದ ಶುರು ಮಾಡಿದರೂ ಸರಿ, ಕೂತು ಕೇಳುತ್ತೇನೆ. ಕ್ಷಮಿಸಿದ್ದೇನೆ ಎಂದು ಹೇಳಬೇಕಾಗಿಲ್ಲ. ಇದಕ್ಕೆ ಮಾತ್ರ ಉತ್ತರ ಹೇಳು.

ನಿನ್ನ ದನಿಯಿಂದ ಆ ಮನೆ ಮತ್ತೆ ತುಂಬಲಿ. ನೂರು ವರ್ಷ ಗಟ್ಟಿಯಾಗಿರು.

ನಾಚಿಕೆಯಿಂದ, ಶುಕ್ರವಾರದವರೆಗೆ ಫೋನ್ ಕೈಯಿಂದ ಕೆಳಗಿಡದೆ ಕಾಯುವ,
ಮಾಲ್ತೆ