ಕೇಳದೇ ಉಳಿದ ಆರು ವರ್ಷ

ಜೂನ್ 3, 2025. ಮಂಗಳವಾರ

ಬಸ್ಸು ಇವತ್ತೂ ಲೇಟು. ಸಯನ್‌ನಿಂದ ಬಾಂದ್ರಾ ಮುಟ್ಟುವಷ್ಟರಲ್ಲಿ ಸೀರೆಯ ಅಂಚೆಲ್ಲ ಕೆಸರು. ಎಲೋದಿ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸೈಮನ್ ಹೋಮ್‌ವರ್ಕ್ ಮಾಡಿರಲಿಲ್ಲ. ಸಾರಿ ಸಾರಿ ಎಂದು ಆರು ಸಲ ಹೇಳಿದ. ಗಂಡ ಇಂಗ್ಲೆಂಡಿನವನು, ಹೆಂಡತಿ ಫ್ರಾನ್ಸಿನವಳು, ಇಬ್ಬರಿಗೂ ಹಿಂದಿ ಕಲಿಸುವ ನಾನು ಧಾರವಾಡದವಳು. ಮುಂಬೈ!

ಪಾಠ: ಪ್ಯಾರ್, ಪಸಂದ್. ಎರಡಕ್ಕೂ ಇರುವ ವ್ಯತ್ಯಾಸ. ಅಲ್ಲಿಗೇ ಗಂಡಹೆಂಡಿರ ವಾದ ಶುರು. ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಶಬ್ದವಂತೆ. ಅದಕ್ಕೆ ‘ಚೆನ್ನಾಗಿ’ ಅಂತ ಸೇರಿಸಿದರೆ ಪ್ರೀತಿ ಕಡಿಮೆಯಾಗುತ್ತದಂತೆ — ನೀನು ಬರೀ ಸ್ನೇಹಿತ ಎಂದರ್ಥ.

"ಇವರ ಊರಲ್ಲಿ ಬಸ್ ಡ್ರೈವರ್ ಕೂಡ ಎಲ್ಲರನ್ನೂ ಲವ್ ಅಂತ ಕರೆಯುತ್ತಾನೆ," ಅಂದಳು ಎಲೋದಿ. "ಬಿಸ್ಕೀಟಿಗೂ ಲವ್, ನಾಯಿಗೂ ಲವ್. ಹೆಂಡತಿಗೆ ಹೇಳಬೇಕಾದರೆ ಮಾತ್ರ ಎರಡು ಗ್ಲಾಸ್ ಒಳಗೆ ಹೋಗಬೇಕು."

ಸೈಮನ್ ಕಿವಿ ಕೆಂಪಾಯಿತು. "ನಿಮ್ಮ ಕನ್ನಡದಲ್ಲಿ ಗಂಡನಿಗೆ ಹೇಗೆ ಹೇಳ್ತೀರಿ, ಶೈಲಾ?"

ಹೇಳುವುದಿಲ್ಲ ಅಂದೆ. ಜೋಕ್ ಅಂದುಕೊಂಡು ಇಬ್ಬರೂ ನಕ್ಕರು.

ಜೂನ್ 5. ಗುರುವಾರ

ಭೂತಕಾಲ ಕಲಿಸಲು ಹೋಗಿ ಅವರ ಕಥೆಯೆಲ್ಲ ಕೇಳಿಸಿಕೊಂಡೆ. ಲಂಡನ್ನಿನಲ್ಲಿ ಪರಿಚಯ. ಮೂರು ತಿಂಗಳು ಊಟ, ಸಿನಿಮಾ, ತಿರುಗಾಟ. ಆಮೇಲೆ ಒಂದು ದಿನ ಸೈಮನ್ ಗಂಟಲು ಸರಿಮಾಡಿಕೊಂಡು ಕೇಳಿದನಂತೆ — ಇನ್ನು ನಾವಿಬ್ಬರೂ ಜೋಡಿ ಅಂತ ಹೇಳಬಹುದಾ? ಎಲೋದಿಗೆ ಅವಮಾನವೇ ಆಯಿತಂತೆ. "ಮೊದಲ ವಾರವೇ ಮುತ್ತು ಕೊಟ್ಟಿದ್ದ. ನಮ್ಮಲ್ಲಿ ಅಷ್ಟಾದರೆ ಆಯಿತು, ಕೇಳುವುದೇನಿದೆ? ನಾನು ಪ್ರೇಮದಲ್ಲಿದ್ದೆ. ಇವನು ಇಂಟರ್‌ವ್ಯೂ ತಗೊಳ್ತಾ ಇದ್ದ."

"ಖಚಿತ ಮಾಡಿಕೊಳ್ಳೋದು ಮರ್ಯಾದೆ," ಅಂದ ಸೈಮನ್.

ನಮ್ಮದು ಒಂದೇ ರೌಂಡು. ಉಪ್ಪಿಟ್ಟು, ಚಹಾ, ಹದಿನೈದು ನಿಮಿಷ. ಹುಡುಗನ ಹೆಸರು ಚೇತನ, ಮುಂಬೈಯಲ್ಲಿ ನೌಕರಿ ಅಂತ ಅಪ್ಪ ಹೇಳಿದ್ದಷ್ಟೇ ಗೊತ್ತು. ಇವರು ನೆಲ ನೋಡುತ್ತಿದ್ದರು. ನಾನೂ. ನನ್ನನ್ನು ಸರಿಯಾಗಿ ನೋಡಿದ್ದು ದಾನವ್ವ ಅತ್ತೆ ಒಬ್ಬರೇ.

ಜೂನ್ 17. ಮಂಗಳವಾರ. ಸಂಜೆ

ಸೈಮನ್ ಇರಲಿಲ್ಲ. ಎಲೋದಿ ಪುಸ್ತಕ ತೆರೆಯಲಿಲ್ಲ. ಕಣ್ಣು ಊದಿತ್ತು. ಕಾಫಿ ಮಾಡಲು ಹೋಗಿ ಕಪ್ಪು ಒಡೆದಳು. ಆಮೇಲೆ ಹೇಳಿದಳು. ಸೈಮನ್ ಕಳೆದ ತಿಂಗಳು ಆಫೀಸ್ ಕೆಲಸಕ್ಕೆ ಸಿಂಗಾಪುರಕ್ಕೆ ಹೋಗಿದ್ದನಲ್ಲ — ಅಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬಳ ಸಂಗಡ. ಒಂದೇ ಒಂದು ಸಲ. ಅವನಾಗಿಯೇ ಹೇಳಿದನಂತೆ, ಭಾನುವಾರ ತಿಂಡಿ ತಿನ್ನುವಾಗ.

ಅಯ್ಯೋ ಅಂದೆ. ಗಂಡಸರೇ ಹೀಗೆ ಅಂದೆ.

"ಮಾಡಿದ್ದಕ್ಕಲ್ಲ ನನ್ನ ಸಿಟ್ಟು. ಹೇಳಿದ್ದಕ್ಕೆ! ಅವನ ಎದೆ ಹಗುರ ಮಾಡಿಕೊಳ್ಳೋಕೆ ನನ್ನ ತಲೆ ಮೇಲೆ ಹೊರೆ ಇಟ್ಟ. ಇಂಗ್ಲಿಷಿನವರು ಹೀಗೇ, ತಪ್ಪು ಒಪ್ಪಿಕೊಂಡರೆ ಮುಗೀತು ಅಂದುಕೊಳ್ತಾರೆ. ನಮ್ಮ ಅಮ್ಮನಿಗೆ ಅಪ್ಪನ ವಿಷಯ ಇಪ್ಪತ್ತು ವರ್ಷ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಡಲಿಲ್ಲ."

ನನ್ನ ಬಾಯಿಂದ ಹೇಗೆ ಬಂತೋ. "ನನಗೂ ನನ್ನ ಗಂಡನ ವಿಷಯ ಆರು ವರ್ಷದಿಂದ ಗೊತ್ತಿದೆ," ಅಂದೆ.

ಯಾರಿಗೂ ಹೇಳಿರಲಿಲ್ಲ. ಇಲ್ಲಿಯೂ ಬರೆದಿರಲಿಲ್ಲ. ಹತ್ತೊಂಬತ್ತರ ನವೆಂಬರ್, ಮಾಟುಂಗದಲ್ಲಿ ಸಂಘದ ರಾಜ್ಯೋತ್ಸವ. ಇವರ ಆಫೀಸಿನ ಪ್ರಫುಲ್ಲಾ ಬಂದಿದ್ದಳು. ಚೆಂಬೂರಿನಲ್ಲಿ ಮನೆ, ಗಂಡ ತೀರಿಕೊಂಡು ನಾಲ್ಕು ವರ್ಷ ಅಂತ ಪರಿಚಯ ಮಾಡಿಸಿದರು. ನಮಸ್ಕಾರ, ನಮಸ್ಕಾರ. ಊಟಕ್ಕೆ ಇಬ್ಬರೂ ನನ್ನ ಎದುರಿನ ಪಂಕ್ತಿಯಲ್ಲಿ, ಪಕ್ಕಪಕ್ಕ. ಮಾತಾಡುತ್ತಾ ಆಡುತ್ತಾ ಇವರ ಎಲೆಯಿಂದ ಹಪ್ಪಳ ಮುರಿದುಕೊಂಡು ತಿಂದಳು. ಕೇಳಲಿಲ್ಲ. ಇವರೂ ತಲೆ ಎತ್ತಲಿಲ್ಲ. ಅಷ್ಟೇ ನೋಡಿದ್ದು. ಸಾಕಾಗಿತ್ತು. ಆಮೇಲೆ ಪ್ರತಿ ಶನಿವಾರ ಓವರ್‌ಟೈಮ್.

ಎಲೋದಿ ನನ್ನ ಕೈ ಹಿಡಿದುಕೊಂಡಳು. "ನೀನು ಫ್ರೆಂಚ್ ಹೆಂಗಸಾಗಿ ಹುಟ್ಟಬೇಕಿತ್ತು. ಎಂಥ ಘನತೆ!"

ಜೂನ್ 19. ಗುರುವಾರ

ಸೈಮನ್ ಲಿಫ್ಟಿನವರೆಗೆ ಬಂದ. ಅವಳು ನಿಮಗೆ ಹೇಳಿರಬೇಕಲ್ಲ ಅಂದ. ನಾನು ಲಿಫ್ಟಿನ ಗುಂಡಿ ಒತ್ತಿದೆ.

"ಮುಚ್ಚಿಡೋದು ಎರಡನೇ ಮೋಸ ಅಲ್ಲವಾ? ಅವಳನ್ನು ಸಮಾನಳು ಅಂತ ತಿಳಿದಿದ್ದಕ್ಕೇ ಹೇಳಿದೆ. ನಿಮ್ಮ ಗಂಡ ಹೀಗೆ ಮಾಡಿದ್ದರೆ ನಿಮಗೆ ಗೊತ್ತಾಗಬೇಕು ಅನಿಸೋದಿಲ್ಲವಾ?"

"ನನ್ನ ಗಂಡ ಅಂಥವರಲ್ಲ," ಅಂದೆ. ಲಿಫ್ಟ್ ಬಂತು.

ಜೂನ್ 22. ಭಾನುವಾರ

ಘನತೆ. ಐದು ದಿನದಿಂದ ಅದೇ ಶಬ್ದ ತಲೆಯಲ್ಲಿ. ಇಷ್ಟು ವರ್ಷ ಹೇಡಿತನ ಅಂದುಕೊಂಡಿದ್ದೆ. ತಿರುಗಿ ಬೀಳಲು ಧೈರ್ಯವಿಲ್ಲದವಳು, ಧಾರವಾಡಕ್ಕೆ ಹೋದರೆ ಅಣ್ಣಂದಿರು ಏನಂದಾರು ಎಂದು ಹೆದರಿದವಳು. ಈಗ ಅದಕ್ಕೊಂದು ಒಳ್ಳೆಯ ಹೆಸರು ಸಿಕ್ಕಿತು. ರೊಟ್ಟಿ ಬಡಿಯುವಾಗಲೂ ಬೆನ್ನು ನೆಟ್ಟಗೆ. ನಿನ್ನೆ ಇವರು ಓವರ್‌ಟೈಮಿನಿಂದ ಬಂದಾಗ ಬಿಸಿನೀರು ಕಾಯಿಸಿಕೊಟ್ಟೆ. ರಾಣಿಯ ಹಾಗೆ.

ನಗು ಬರುತ್ತದೆ. ಇನ್ನೂ ಏನೋ ಬರುತ್ತದೆ...

ಜುಲೈ 1. ಮಂಗಳವಾರ

ಬಿಲ್ಡಿಂಗ್ ಗೇಟಿನಲ್ಲಿ ವಾಚ್‌ಮನ್ ಒಂದು ಷೂ ಹಿಡಿದು ನಿಂತಿದ್ದ. ಇನ್ನೊಂದು ಗುಲ್‌ಮೊಹರ್ ಮರದಲ್ಲಿ. ಸೈಮನ್‌ದು, ಎಲೋದಿ ಒಂಬತ್ತನೇ ಮಹಡಿಯಿಂದ ಎಸೆದದ್ದು. ಮೇಲೆ ಹೋದರೆ ಸೂಟ್‌ಕೇಸ್ ಬಾಗಿಲ ಹೊರಗೆ.

ಒಂದು ಸಲ ಅಲ್ಲವಂತೆ. ಎಂಟು ತಿಂಗಳು. ಆ ಸಿಂಗಾಪುರದವಳು ಅವನಿಗೆ ಲಂಡನ್ನಿನಿಂದಲೇ ಪರಿಚಯ. ಎಲೋದಿ ಅವನ ಫೋನ್ ತೆಗೆದು ನೋಡಿದಳು.

"ನೀನು ನೋಡಬಾರದಿತ್ತಲ್ಲ," ಅಂದೆ. "ನಿಮ್ಮ ಅಮ್ಮ..."

"ಅಮ್ಮ ಮೂರ್ಖಳು!" ಕಿರುಚಿದಳು.

ಹಾಗಾದರೆ ನಾನು? ಕೇಳಲಿಲ್ಲ. ಕೇಳುವ ಅಭ್ಯಾಸವಿಲ್ಲ. ಸತ್ಯ ಹೇಳುವುದು ಮರ್ಯಾದೆ ಅಂದವನು ಎಂಟರಲ್ಲಿ ಒಂದು ಪಾಲು ಹೇಳಿದ್ದ. ಸುಮ್ಮನಿರುವುದು ಘನತೆ ಅಂದವಳು ಷೂ ಎಸೆದಳು. ಅವರಿಬ್ಬರ ಮಾತು ನಂಬಿ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದು ನಾನೊಬ್ಬಳೇ.

ಜುಲೈ 6. ಭಾನುವಾರ. ಮಧ್ಯಾಹ್ನ

ಕೇಳಿದೆ.

ಇವರು ಪೇಪರ್ ಓದುತ್ತಿದ್ದರು. ಅತ್ತೆ ಸ್ನಾನಕ್ಕೆ ಹೋಗಿದ್ದರು. ನನ್ನ ಕೈಯಲ್ಲಿ ಮೆಂತ್ಯೆ ಸೊಪ್ಪು.

"ಶನಿವಾರ ಪ್ರಫುಲ್ಲಾನ ಮನೀಗೆ ಹೋಗ್ತೀರಲ್ಲ."

ಪೇಪರ್ ಇಳಿಯಲಿಲ್ಲ. "ಹೂಂ. ನಿನಗ ಗೊತ್ತದಲ್ಲ."

"ನನಗ ಗೊತ್ತದ ಅಂತ ನಿಮಗ ಗೊತ್ತಿತ್ತೇನು?"

"ಮೊದಲಿಂದ ಗೊತ್ತದ. ನೀ ಏನೂ ಅನ್ನಲಿಲ್ಲ. ಒಪ್ಪಿಕೊಂಡಿ ಅಂತ ತಿಳಕೊಂಡೆ." ಈಗ ಪೇಪರ್ ಮಡಚಿದರು. ನಾಲ್ಕು ಮಡಿಕೆ, ನೀಟಾಗಿ. "ಆಕೀಗೂ ಹಾಂಗ ಹೇಳೀನಿ. ನನ್ನ ಹೆಂಡ್ತಿ ಭಾಳ ಶ್ಯಾಣ್ಯಾಕಿ ಇದ್ದಾಳ, ಮನಿ ಮುರಿಯೂ ಪೈಕಿ ಅಲ್ಲ ಅಂತ."

ಅಂದರೆ ಇಬ್ಬರೂ ಕೂತು ನನ್ನ ಬಗ್ಗೆ ಮಾತಾಡಿದ್ದಾರೆ. ಹೊಗಳಿದ್ದಾರೆ. ಆರು ವರ್ಷ ನಾನು ಹಲ್ಲು ಕಚ್ಚಿ ಹಿಡಿದದ್ದು ಅಲ್ಲಿ ಒಪ್ಪಿಗೆಪತ್ರವಾಗಿ ಮುಟ್ಟಿದೆ.

"ಆಕೀ ಮ್ಯಾಲೆ ಪ್ರೀತಿ ಅದ ಏನು?"

ಇಪ್ಪತ್ತೆರಡು ವರ್ಷದಲ್ಲಿ ಈ ಮನೆಯಲ್ಲಿ ಆ ಶಬ್ದ ಮೊದಲ ಸಲ. ಯೋಚಿಸಿದರು. ಸುಳ್ಳು ಹೇಳಬಹುದಿತ್ತು. ಆ ಸುಳ್ಳಾದರೂ ನನಗೆ ಬೇಕಿತ್ತು.

"ಅದ," ಅಂದರು.

ಹೇಳಿದ ಮೇಲೆ ಮುಖ ಹಗುರಾಯಿತು. ಊಟಕ್ಕೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡರು. ಮೆಂತ್ಯೆ ಪಲ್ಯ ಚಲೋ ಆಗ್ಯದ ಅಂದರು.

ಜುಲೈ 7. ಸೋಮವಾರ

ಅತ್ತೆಗೆ ಎಲ್ಲ ಕೇಳಿಸಿದೆ. ಬಚ್ಚಲ ಬಾಗಿಲು ತೆಳು. ಇವತ್ತು ಇವರು ಕೆಲಸಕ್ಕೆ ಹೋದ ಮೇಲೆ ನನ್ನನ್ನು ಕರೆದು ಮಂಚದ ಮೇಲೆ ಕೂಡಿಸಿಕೊಂಡರು.

"ಯಾಕ ಕೇಳಿದಿ ಯವ್ವಾ?"

"ನಿಮಗೂ ಗೊತ್ತಿತ್ತೇನ್ರಿ ಅತ್ತೀ?"

"ಹಡದಾಕಿಗೆ ಗೊತ್ತಿರಂಗಿಲ್ಲೇನು? ನಿಮ್ಮ ಮಾವನೂ ಹಾಂಗ ಇದ್ದರು. ನಾ ಕೇಳಿದ್ನೇನು? ನೀ ಕೇಳದ ಇರೂತನಕಾ ನನ್ನ ಮಗ ಅಂಜಿಕೊಂಡು ಹೋಗ್ತಿದ್ದ, ಅಂಜಿಕೊಂಡು ಬರ್ತಿದ್ದ. ಈಗ ಅಂಜಿಕಿ ಹೋತು. ಇನ್ನ ಯಾತರ ಮ್ಯಾಲೆ ಹಿಡೀತಿ ಅವನ್ನ?"

ಎದ್ದು ಬಟ್ಟೆ ಒಣಹಾಕಿದೆ.

ಜುಲೈ 12. ಶನಿವಾರ

ಅತ್ತೆ ಹೇಳಿದ ಹಾಗೇ ಆಯಿತು. ಬೆಳಿಗ್ಗೆ ಬ್ಯಾಗಿಗೆ ಎರಡು ಶರ್ಟು, ಬಿಪಿ ಮಾತ್ರೆ. ಓವರ್‌ಟೈಮ್ ಅನ್ನಲೂ ಇಲ್ಲ. "ಪ್ರಫುಲ್ಲಾನ ಕಡೆ ಹೋಗಿ ಬರ್ತೀನಿ. ಸೋಮವಾರ ಅಲ್ಲಿಂದ್ಲೇ ಆಫೀಸಿಗೆ." ಮಾರ್ಕೆಟಿಗೆ ಹೋಗುವವರ ಹಾಗೆ.

"ಹೋದ್ರ ತಿರಿಗಿ ಬರಬ್ಯಾಡ್ರಿ," ಅಂದೆ.

"ಮೊನ್ನಿತನಕಾ ಚಂದ ಇತ್ತಲ್ಲ ಶೈಲಾ. ಯಾರು ತಲಿ ಕೆಡಿಸ್ಯಾರ ನಿನಗ? ಆ ಫಾರಿನ್ ಮಂದಿ?"

"ಉಳದ ಬಟ್ಟಿನೂ ತಗೊಂಡು ಹೋಗ್ರಿ."

ತಗೊಂಡ ಚೇತನ. ದೊಡ್ಡ ಬ್ಯಾಗನ್ನು ನಾನೇ ಅಟ್ಟದ ಮೇಲಿಂದ ಇಳಿಸಿಕೊಟ್ಟೆ. ಅವನಿಗೆ ಸೊಂಟನೋವು.

ಪುಣೆಯಲ್ಲಿ ಓದುವ ಮಗಳಿಗೆ ಹೇಳಿಲ್ಲ. ಶ್ರೇಯಾಗೆ ಈಗ ಪರೀಕ್ಷೆ. ಆಮೇಲೆ.

ಜುಲೈ 31. ಗುರುವಾರ

ಮೂರು ವಾರ ಪಾಠವಿರಲಿಲ್ಲ. ಅವರಿಬ್ಬರೂ ಗೋವಾಕ್ಕೆ ಹೋಗಿದ್ದರಂತೆ. ಕಳೆಕಳೆಯಾಗಿ ಬಂದಿದ್ದಾರೆ, ಒಂದೇ ಸೋಫಾದಲ್ಲಿ ಕಾಲು ಹೆಣೆದುಕೊಂಡು ಕೂತಿದ್ದರು. ಷೂ ಹೊಸದು.

ಎಲೋದಿ ನನ್ನ ಸುದ್ದಿ ಕೇಳಿದಳು. ಹೇಳಿದೆ.

"ಆದರೆ ಯಾಕೆ ಕೇಳಿದೆ?" ಅವಳಿಗೆ ನಿಜವಾಗಿಯೂ ಬೇಜಾರು. "ಎಷ್ಟು ಚೆನ್ನಾಗಿ ನಿಭಾಯಿಸಿದ್ದೆ!"

"ಇಲ್ಲ, ಸರಿ ಮಾಡಿದರು," ಅಂದ ಸೈಮನ್. "ಬ್ರೇವ್. ಬಹಳ ಬ್ರೇವ್." ಎದ್ದು ಬಂದು ಕೈಕುಲುಕಿದ.

ಆಮೇಲೆ ಇಬ್ಬರೂ ನನ್ನ ವಿಷಯಕ್ಕೇ ವಾದ ಶುರುಮಾಡಿದರು. ಅವಳು ಅವಳ ದೇಶದ ಕಡೆಯಿಂದ, ಇವನು ಇವನ ದೇಶದ ಕಡೆಯಿಂದ. ಅರ್ಧಕ್ಕೇ ನಗು, ಒಂದು ಮುತ್ತು. ನಾನು ಭವಿಷ್ಯತ್ಕಾಲದ ಪುಟ ತೆಗೆದು ಕೂತಿದ್ದೆ. ಜಾವೂಂಗಾ, ಜಾವೂಂಗೀ.

ಆಗಸ್ಟ್ 10. ಭಾನುವಾರ

ಅತ್ತೆ ನನ್ನ ಸಂಗಡ ಮಾತು ಬಿಟ್ಟು ತಿಂಗಳಾಗುತ್ತ ಬಂತು. ಮಗ ಕರೆದುಕೊಂಡು ಹೋಗಿಲ್ಲ. ಪ್ರಫುಲ್ಲಾನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲವಂತೆ. ಹಾಗಾಗಿ ನನ್ನ ಕೈಯ ರೊಟ್ಟಿ ಉಣ್ಣುತ್ತಾರೆ, ನನ್ನ ಕೈಯಿಂದ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ, ಮುಖ ಗೋಡೆಗೆ. ಉಪ್ಪು ಬೇಕಾದರೆ ತಟ್ಟೆ ಬಡಿಯುತ್ತಾರೆ.

ಸೊಸೆ ಅಂತ ಬಂದ ಮನೆಯಲ್ಲಿ ಈಗ ನಾನು ಏನು? ತಟ್ಟೆ ಬಡಿದಾಗ ಮಾತ್ರ ಇರುವವಳು.

ಆಗಸ್ಟ್ 17. ಭಾನುವಾರ. ಸಂಜೆ 6

ಶ್ರೇಯಾ ಫೋನು. ದನಿ ಕೇಳಿದ ಕೂಡಲೇ ತಿಳಿಯಿತು.

"ಮಮ್ಮಿ, ಪಪ್ಪಾ ಫೋನ್ ಮಾಡಿದ್ರು. ಸಬ್ ಬತಾಯಾ. ನಿನಗ ಯಾವಾಗ ಗೊತ್ತಾತು?"

ಎಲೋದಿಯ ಮುಖ, ಸೈಮನ್ ಮುಖ, ಅತ್ತೆಯ ಬೆನ್ನು. ಒಂದು ಕ್ಷಣ ಕಣ್ಣ ಮುಂದೆ ಬಂದವು.

"ಈ ಜೂನ್‌ದಾಗ," ಅಂದೆ.

"ಸಚ್? ಅದಕ್ಕಿಂತ ಮೊದಲು ಏನೂ ಗೊತ್ತಿರಲಿಲ್ಲ?"

"ಇಲ್ಲ ಪುಟ್ಟಿ."

ಅತ್ತಳು. ಬಿಕ್ಕಿ ಬಿಕ್ಕಿ, ಸಣ್ಣವಳಿದ್ದಾಗಿನ ಹಾಗೆ. ಆಮೇಲೆ: "ಥ್ಯಾಂಕ್ ಗಾಡ್. ನಾ ಟ್ವೆಲ್ತ್ ಇದ್ದಾಗ ನೋಡಿದ್ದೆ ಮಮ್ಮಿ. ಕುರ್ಲಾ ಸ್ಟೇಷನ್‌ದಾಗ, ಪಪ್ಪಾ, ಆಕಿ, ಇಬ್ರೂ ಹಾಥ್ ಹಿಡಕೊಂಡು. ನಿನಗ ಹೇಳಿದ್ರ ನೀ ಮುರದು ಟೂಟ್ ಹೋಗ್ತಿ ಅಂತ ಹೇಳಲಿಲ್ಲ. ಮನಿಯೊಳಗ ನಿಮ್ಮಿಬ್ಬರ ಮುಖ ನೋಡಾಕ ಆಗ್ಲಿಲ್ಲ, ಅದಕ್ಕ ಪುಣೆ ತಗೊಂಡೆ. ಚಲೋ ಆತು. ಕಮ್ ಸೆ ಕಮ್ ನೀ ಅಷ್ಟು ದಿನ ಖುಷಿ ಇದ್ದಿ."

ಹೂಂ ಅಂದೆ.

ಆಗ ಹದಿನೇಳು ವರ್ಷದ ಹುಡುಗಿ. ನಾನು ಕಾಯುತ್ತಿದ್ದ ಗುಟ್ಟನ್ನೇ ಅವಳೂ ಕಾಯುತ್ತಿದ್ದಳು, ಪಕ್ಕದ ಕೋಣೆಯಲ್ಲಿ. ನಾನು ಒಂದು ಮಾತು ಕೇಳಿದ್ದರೆ ಅವಳು ಇಲ್ಲೇ ಇರುತ್ತಿದ್ದಳು.

ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತಾಳಂತೆ. ದಾದರಿಗೆ ಹೋಗಿ ಕರೆತರಬೇಕು. ಹೇಳಲೇಬೇಕು, ಆರು ವರ್ಷ ಅಂತ. ಹೇಳಿದರೆ ಅವಳು ಒಬ್ಬಳೇ ಹೊತ್ತದ್ದೆಲ್ಲ ಸುಮ್ಮಸುಮ್ಮನೆ ಆದ ಹಾಗೆ. ಹೇಳದಿದ್ದರೆ ನಾನೂ ಓವರ್‌ಟೈಮ್ ಅನ್ನುತ್ತಿದ್ದ ಚೇತನನ ಹಾಗೆ. ಬಸ್ಸಿನಿಂದ ಇಳಿದ ಕೂಡಲೇ, ಬ್ಯಾಗ್ ಕೈಗೆ ತಗೊಳ್ಳುವ ಮೊದಲೇ, ಪುಟ್ಟಿ ನಾನು ನಿನಗೆ ಸುಳ್ಳು ಹೇಳಿದೆ ಅನ್ನಬೇಕು.